ಯಂತ್ರಕ್ಕೆ ಸಹಾಯಧನವಿದೆ, ಆಯಸ್ಕಾಂತ ಎಲ್ಲಿಂದ ತರುವುದು? ವಿರಳ ಭೂಲೋಹ ಮರುಬಳಕೆಯ ಒಂದು ಪ್ರಕರಣ ಅಧ್ಯಯನ

2025ರ ಸೆಪ್ಟೆಂಬರ್ 3ರಂದು ಕೇಂದ್ರ ಸಚಿವ ಸಂಪುಟ ₹1,500 ಕೋಟಿಯ ಒಂದು ಪ್ರೋತ್ಸಾಹ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇ-ತ್ಯಾಜ್ಯ, ಹಳೆಯ ಲಿಥಿಯಂ ಅಯಾನ್ ಬ್ಯಾಟರಿ, ಆಯುಷ್ಯ ಮುಗಿದ ವಾಹನಗಳ ಕ್ಯಾಟಲಿಟಿಕ್ ಕನ್ವರ್ಟರ್ ಮುಂತಾದ ಗುಜರಿಯಿಂದ ನಿರ್ಣಾಯಕ ಖನಿಜಗಳನ್ನು ಹೊರತೆಗೆಯುವ ಘಟಕಗಳಿಗೆ ಈ ಹಣ ಮೀಸಲು. ಅಕ್ಟೋಬರ್ 2ರಂದು ಗಣಿ ಸಚಿವಾಲಯ ಮಾರ್ಗಸೂಚಿ ಹೊರಡಿಸಿ, ಅರ್ಜಿ ಹಾಕಲು 2026ರ ಏಪ್ರಿಲ್ 1ರವರೆಗೆ ಸಮಯ ಕೊಟ್ಟಿತು. ಆಯಸ್ಕಾಂತ ಮರುಬಳಕೆಯನ್ನೇ ಕಸುಬಾಗಿಸಿಕೊಳ್ಳಲು ಹೊರಟ ಒಂದು ಸಣ್ಣ ಘಟಕ ಈ ಹಣಕ್ಕಾಗಿ ಸ್ಪರ್ಧೆಗೆ ಇಳಿದರೆ ಅದರ ಮುಂದೆ ಯಾವ ತೀರ್ಮಾನಗಳು ಬಂದು ನಿಲ್ಲುತ್ತವೆ ಎಂಬುದು ಇಲ್ಲಿನ ವಿಷಯ.

ಘಟಕದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಅದು ಯಾವುದೇ ಕಂಪನಿಯ ಮರೆಮಾಚಿದ ಚಿತ್ರವಲ್ಲ. ಯೋಜನೆಯ ನಿಯಮಗಳನ್ನು ಒರೆಗೆ ಹಚ್ಚಿ ನೋಡಲು, ವರ್ಷಕ್ಕೆ 100 ಟನ್ ಹಳೆಯ ಆಯಸ್ಕಾಂತ ಸಂಸ್ಕರಿಸುವ ಘಟಕವೊಂದನ್ನು ಲೆಕ್ಕಕ್ಕಾಗಿ ಇಟ್ಟುಕೊಂಡಿದ್ದೇನೆ. ಅದರ ಸುತ್ತಲಿನ ನಿಯಮ, ದಿನಾಂಕ, ಹಣದ ಮಿತಿ, ರಸಾಯನಶಾಸ್ತ್ರ ಇವೆಲ್ಲ ವಾಸ್ತವ. ಮೇಲ್ನೋಟಕ್ಕೆ ಉದಾರವಾಗಿ ಕಾಣುವ ಯೋಜನೆ ಒಂದು ನಿರ್ದಿಷ್ಟ ಕಸುಬಿಗೆ ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಹೀಗೆ ಒಂದು ಘಟಕವನ್ನು ನಿಲ್ಲಿಸಿ ನೋಡಿದಾಗಲೇ ಕಾಣುವುದು.

ಏಪ್ರಿಲ್ 4ರ ಪೆಟ್ಟು

ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ಗೆ ಒಪ್ಪಿಗೆ ಸಿಕ್ಕಿದ್ದು 2025ರ ಜನವರಿ 29ರಂದು. ಮರುಬಳಕೆ ಅದರ ಒಂದು ಅಂಗವಾಗಿ ಆಗಲೇ ಇತ್ತು. ಅದಕ್ಕೆ ತುರ್ತು ಬಂದದ್ದು ಏಪ್ರಿಲ್ 4ರ ನಂತರ. ಅಂದು ಚೀನಾ ಏಳು ವಿರಳ ಭೂಲೋಹಗಳ (ರೇರ್ ಅರ್ತ್) ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು: ಸಮೇರಿಯಂ, ಗ್ಯಾಡೊಲಿನಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ, ಲುಟೇಶಿಯಂ, ಸ್ಕ್ಯಾಂಡಿಯಂ ಮತ್ತು ಯಿಟ್ರಿಯಂ. ಬಲಶಾಲಿ ಆಯಸ್ಕಾಂತದೊಳಗಿನ ಭೂಲೋಹಗಳಲ್ಲಿ ಹೆಚ್ಚಿನ ಪಾಲು ಪಡೆದಿರುವ ನಿಯೋಡೈಮಿಯಂ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೆ ವಾಹನದ ಮೋಟಾರಿನ ಆಯಸ್ಕಾಂತ ಬಿಸಿಗೆ ತನ್ನ ಬಲ ಕಳೆದುಕೊಳ್ಳದಿರಲಿ ಎಂದು ಅದಕ್ಕೆ ಸ್ವಲ್ಪ ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಬೆರೆಸುತ್ತಾರೆ. ಆ ಸ್ವಲ್ಪವೇ ಇಡೀ ಆಯಸ್ಕಾಂತವನ್ನು ಪರವಾನಗಿಯ ಬಲೆಗೆ ಎಳೆಯಿತು. ಜಪಾನಿನಲ್ಲಿ ಸುಜುಕಿ ಕಂಪನಿ ಸ್ವಿಫ್ಟ್ ಕಾರಿನ ಉತ್ಪಾದನೆಯನ್ನು ಕೆಲಕಾಲ ನಿಲ್ಲಿಸಿತು. ಭಾರತದ ವಾಹನ ತಯಾರಕರೂ ಕಂಗಾಲಾದರು. ಆಗದೆ ಇರುವುದು ಹೇಗೆ? 2022-23ರಿಂದ 2024-25ರವರೆಗೆ ನಾವು ತರಿಸಿಕೊಂಡ ಶಾಶ್ವತ ಆಯಸ್ಕಾಂತಗಳಲ್ಲಿ ಪ್ರಮಾಣದ ಲೆಕ್ಕದಲ್ಲಿ ಸುಮಾರು ಶೇ 85ರಿಂದ 90ರಷ್ಟು ಬಂದದ್ದು ಚೀನಾದಿಂದ.

ನಮ್ಮ ಕಡಲ ತೀರದ ಮರಳಿನಲ್ಲಿ ಮೊನಜೈಟ್ ಇದೆಯಲ್ಲ, ಅದರಲ್ಲಿ ವಿರಳ ಭೂಲೋಹಗಳಿವೆಯಲ್ಲ ಎಂದು ಕೇಳುವವರಿದ್ದಾರೆ. ಇವೆ. ಆದರೆ ಮೊನಜೈಟ್‌ನಲ್ಲಿ ಥೋರಿಯಂ ಕೂಡ ಇದೆ. ಹಾಗಾಗಿ ಅದು ಪರಮಾಣು ಖನಿಜಗಳ ಸಾಲಿಗೆ ಸೇರಿ ಸರ್ಕಾರಿ ಸಂಸ್ಥೆಗಳ ಕೈಯಲ್ಲೇ ಉಳಿದಿದೆ. ಅದರಿಂದ ಬರುವ ಭೂಲೋಹಗಳಲ್ಲಿ ಹೆಚ್ಚಿನವು ಸೀರಿಯಂ ಮತ್ತು ಲ್ಯಾಂಥನಂ. ಡಿಸ್ಪ್ರೋಸಿಯಂ ಅತ್ಯಲ್ಪ. ಹಳೆಯ ಆಯಸ್ಕಾಂತದ ಸ್ಥಿತಿ ಇದಕ್ಕೆ ಪೂರ್ತಿ ವಿರುದ್ಧ. ಅದರಲ್ಲಿ ಥೋರಿಯಂ ಇಲ್ಲ, ಮಾರಾಟವಾಗದ ಸೀರಿಯಂ ರಾಶಿ ಬೀಳುವುದಿಲ್ಲ, ತೂಕದ ಸುಮಾರು ಶೇ 30ರಷ್ಟು ನಮಗೆ ಬೇಕಾದ ಭೂಲೋಹವೇ ಇದೆ. ಉಳಿದದ್ದು ಬಹುಪಾಲು ಕಬ್ಬಿಣ, ಶೇ 1ರಷ್ಟು ಬೋರಾನ್. ಮೋಟಾರಿನ ಆಯಸ್ಕಾಂತವಾದರೆ ಡಿಸ್ಪ್ರೋಸಿಯಂ ಕೂಡ ಸಿಗುತ್ತದೆ. ಸಣ್ಣ ಖಾಸಗಿ ಉದ್ಯಮವೊಂದು ಈ ದೇಶದಲ್ಲಿ ವಿರಳ ಭೂಲೋಹದ ಕ್ಷೇತ್ರಕ್ಕೆ ಕಾಲಿಡಬಹುದಾದ ಬಾಗಿಲು ಮರುಬಳಕೆಯೇ ಎಂಬುದು ನನ್ನ ದೃಢ ನಂಬಿಕೆ. ಈ ಯೋಜನೆಯನ್ನು ಇಷ್ಟು ಹತ್ತಿರದಿಂದ ನೋಡಬೇಕೆನಿಸಿದ್ದೂ ಅದಕ್ಕಾಗಿಯೇ.

ಹಣ ಯಾವಾಗ, ಎಷ್ಟು

ಯೋಜನೆಯ ಅವಧಿ 2025-26ರಿಂದ 2030-31. ಈಗಾಗಲೇ ನೆಲೆಯೂರಿದ ದೊಡ್ಡ ಮರುಬಳಕೆದಾರರು ಒಂದು ಗುಂಪು. ನವೋದ್ಯಮಗಳೂ ಸೇರಿದಂತೆ ಸಣ್ಣವರು, ಹೊಸಬರು ಇನ್ನೊಂದು ಗುಂಪು. ಒಟ್ಟು ಹಣದ ಮೂರನೇ ಒಂದು ಭಾಗ ಎರಡನೇ ಗುಂಪಿಗೆ ಮೀಸಲು. ಎಂದರೆ ನಮ್ಮ ಘಟಕ ಸ್ಪರ್ಧಿಸುವುದು ₹1,500 ಕೋಟಿಗಲ್ಲ, ಸುಮಾರು ₹500 ಕೋಟಿಗೆ.

ಸಹಾಯಧನದಲ್ಲಿ ಎರಡು ಬಗೆ. ಯಂತ್ರೋಪಕರಣ ಮತ್ತು ಅದಕ್ಕೆ ಸಂಬಂಧಿಸಿದ ಸೌಕರ್ಯಗಳ ವೆಚ್ಚದ ಶೇ 20ರಷ್ಟು ಬಂಡವಾಳ ಸಹಾಯಧನ. ನಿಗದಿತ ಕಾಲದೊಳಗೆ ಉತ್ಪಾದನೆ ಆರಂಭಿಸಿದರೆ ಪೂರ್ತಿ ಸಿಗುತ್ತದೆ, ತಡವಾದರೆ ಕಡಿತವಾಗುತ್ತದೆ. ಇನ್ನೊಂದು ನಿರ್ವಹಣಾ ವೆಚ್ಚದ ಸಹಾಯಧನ. ಅದು 2025-26ನ್ನು ಮೂಲವರ್ಷವಾಗಿಟ್ಟುಕೊಂಡು ಮಾರಾಟ ಎಷ್ಟು ಹೆಚ್ಚಿತು ಎಂಬುದರ ಮೇಲೆ ನಿಂತಿದೆ. 2026-27ರಿಂದ ಎಣಿಸಿ ಎರಡನೇ ವರ್ಷದಲ್ಲಿ ಶೇ 40, ಐದನೇ ವರ್ಷದಲ್ಲಿ ಉಳಿದ ಶೇ 60. ಅದೂ ನಿಗದಿಪಡಿಸಿದ ಮಟ್ಟದ ಹೆಚ್ಚುವರಿ ಮಾರಾಟ ಸಾಧಿಸಿದರೆ. ಎರಡೂ ಸೇರಿ ಸಣ್ಣ ಘಟಕಕ್ಕೆ ₹25 ಕೋಟಿಯ ಮಿತಿ, ಅದರೊಳಗೆ ನಿರ್ವಹಣಾ ಸಹಾಯಧನಕ್ಕೆ ₹5 ಕೋಟಿ ಮಿತಿ. ದೊಡ್ಡವರಿಗೆ ಈ ಮಿತಿಗಳು ₹50 ಕೋಟಿ ಮತ್ತು ₹10 ಕೋಟಿ.

ಈ ಅಂಕಿಗಳನ್ನು ತಿರುಗಿಸಿ ಓದಬೇಕು. ಸಣ್ಣ ಘಟಕ ₹5 ಕೋಟಿ ನಿರ್ವಹಣಾ ಸಹಾಯಧನವನ್ನು ಪೂರ್ತಿ ಪಡೆದರೆ ಬಂಡವಾಳಕ್ಕೆ ಉಳಿಯುವುದು ₹20 ಕೋಟಿ. ಅದು ₹100 ಕೋಟಿ ಯಂತ್ರೋಪಕರಣದ ಶೇ 20. ಆ ಗಾತ್ರದವರೆಗೂ ಮಿತಿ ನಮ್ಮನ್ನು ತಡೆಯುವುದಿಲ್ಲ. ತಡೆಯುವುದು ಉಳಿದ ಶೇ 80. ಅದನ್ನು ಬ್ಯಾಂಕು ಕೊಡಬೇಕು, ಹೂಡಿಕೆದಾರ ಕೊಡಬೇಕು. ಇಂಥ ಘಟಕದಿಂದ ಹೊರಬರುವ ನಿಯೋಡೈಮಿಯಂ ಆಕ್ಸೈಡ್‌ನ ಮಾರುಕಟ್ಟೆಯೇ ಗೊತ್ತಿಲ್ಲದ ಬ್ಯಾಂಕ್ ಅಧಿಕಾರಿಗೆ ಅದರ ಮೇಲೆ ಸಾಲ ಕೊಡಿ ಎಂದು ಕೇಳುವ ಕಷ್ಟ ಬ್ಯಾಟರಿ ಮರುಬಳಕೆದಾರನಿಗೆ ಅಷ್ಟಾಗಿ ಇಲ್ಲ. ಕೋಬಾಲ್ಟ್‌ಗೆ, ನಿಕ್ಕಲ್‌ಗೆ ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ದರ ಸಿಗುತ್ತದೆ. ಅಲ್ಲಿನ ದರಪಟ್ಟಿಯಲ್ಲಿ ನಿಯೋಡೈಮಿಯಂ ಇಲ್ಲ.

ಹೊಸ ಘಟಕಕ್ಕೆ ಒಂದು ಅನುಕೂಲವೂ ಇದೆ. ಮೂಲವರ್ಷದಲ್ಲಿ ಅದು ಏನನ್ನೂ ಮಾರಿರುವುದಿಲ್ಲ. ಮುಂದೆ ಮಾರಿದ್ದೆಲ್ಲ ಹೆಚ್ಚುವರಿ ಮಾರಾಟವೇ. ಹಳೆಯ ಘಟಕ ತನ್ನದೇ ಹಳೆಯ ವಹಿವಾಟನ್ನು ದಾಟಬೇಕು. ಅರ್ಜಿಯಲ್ಲಿ ಈ ಅಂಶವನ್ನು ಮುಚ್ಚಿಡುವ ಅಗತ್ಯವಿಲ್ಲ. ಹೊಸಬರನ್ನು ಕರೆತರುವುದೇ ಯೋಜನೆಯ ಉದ್ದೇಶಗಳಲ್ಲಿ ಒಂದು.

ಇಡೀ ಯೋಜನೆಯಿಂದ ಸರ್ಕಾರ ನಿರೀಕ್ಷಿಸುವುದು ವರ್ಷಕ್ಕೆ 2,70,000 ಟನ್ ಮರುಬಳಕೆ ಸಾಮರ್ಥ್ಯ ಮತ್ತು ಸುಮಾರು 40,000 ಟನ್ ನಿರ್ಣಾಯಕ ಖನಿಜ. ಈ ಗುರಿಯ ಮುಂದೆ ನಮ್ಮ ಘಟಕವನ್ನು ಇಟ್ಟು ನೋಡಿ. 100 ಟನ್ ಆಯಸ್ಕಾಂತದಲ್ಲಿ ಭೂಲೋಹ 30 ಟನ್. ಶೇ 90ರಷ್ಟು ಕೈಗೆ ಬಂದರೆ 27 ಟನ್ ಲೋಹ, ಆಕ್ಸೈಡ್ ರೂಪದಲ್ಲಿ ಸುಮಾರು 31 ಟನ್. 40,000 ಟನ್ನಿನ ಗುರಿಯಲ್ಲಿ ಇದು ಲೆಕ್ಕಕ್ಕೇ ಬರದಷ್ಟು ಚಿಕ್ಕದು. ಟನ್ನುಗಳಲ್ಲಿ ಅಳೆದರೆ ಬ್ಯಾಟರಿಯೇ ಗೆಲ್ಲುತ್ತದೆ. ದೇಶಕ್ಕೆ ಎಲ್ಲಿ ಉಸಿರು ಕಟ್ಟಿತು ಎಂದು ಅಳೆದರೆ ಆಯಸ್ಕಾಂತ ಗೆಲ್ಲುತ್ತದೆ. ಅರ್ಜಿಯ ಮೊದಲ ಪುಟ ಈ ಎರಡನೇ ಅಳತೆಗೋಲನ್ನು ಮುಂದಿಡಬೇಕು: ಪ್ರತಿ ಟನ್ ಉತ್ಪನ್ನದಿಂದ ಎಷ್ಟು ಮೋಟಾರುಗಳಿಗೆ ಆಯಸ್ಕಾಂತ ಸಿಗುತ್ತದೆ ಎಂದು. ಕಾರಿನ ಒಂದು ವಿದ್ಯುತ್ ಮೋಟಾರಿಗೆ 1ರಿಂದ 2 ಕಿಲೋ ಆಯಸ್ಕಾಂತ ಸಾಕು; ಹಾಗಾಗಿ 27 ಟನ್ ಭೂಲೋಹದಿಂದ ಸುಮಾರು 90 ಟನ್ ಆಯಸ್ಕಾಂತ, ಅದರಿಂದ 45,000ದಿಂದ 90,000 ಮೋಟಾರು.

ನೂರು ಟನ್ ಗುಜರಿಯ ಬೇಟೆ

ನನ್ನ ಮಟ್ಟಿಗೆ ಪ್ರಕರಣದ ತಿರುಳು ಇರುವುದು ಇಲ್ಲಿ. ಯೋಜನೆ ಯಂತ್ರಕ್ಕೆ ಹಣ ಕೊಡುತ್ತದೆ, ಮಾರಾಟಕ್ಕೆ ಹಣ ಕೊಡುತ್ತದೆ. ಯಂತ್ರದ ಬಾಯಿಗೆ ಹಾಕುವ ಆಯಸ್ಕಾಂತ ತಾನಾಗಿ ಬರುತ್ತದೆ ಎಂದು ಅದು ಭಾವಿಸಿದಂತಿದೆ.

ಬೇರೆ ದೇಶಗಳಲ್ಲಿ ಆಯಸ್ಕಾಂತ ಮರುಬಳಕೆ ಎಂದರೆ ಬಹುಮಟ್ಟಿಗೆ ಕಾರ್ಖಾನೆಯ ಚೂರು, ಪುಡಿ, ಕೆಸರು. ಆಯಸ್ಕಾಂತದ ಗಟ್ಟಿಯನ್ನು ಕೊಯ್ದು ಉಜ್ಜಿ ಆಕಾರಕ್ಕೆ ತರುವಾಗ ಶೇ 20ರಿಂದ 30ರಷ್ಟು ಪುಡಿಯಾಗಿ ಹೋಗುತ್ತದೆ. ಅದು ಒಂದೇ ಕಡೆ ಸಿಗುತ್ತದೆ, ಅದರಲ್ಲಿ ಏನಿದೆ ಎಂಬುದು ಗೊತ್ತಿರುತ್ತದೆ. ಚೀನಾ, ಜಪಾನ್ ಬದುಕಿರುವುದು ಅದರ ಮೇಲೆ. ಭಾರತದಲ್ಲಿ ನಿಯೋಡೈಮಿಯಂ ಆಯಸ್ಕಾಂತವನ್ನು ದೊಡ್ಡ ಪ್ರಮಾಣದಲ್ಲಿ ಮಾಡುವ ಕಾರ್ಖಾನೆಯೇ ಇಲ್ಲದಿದ್ದಾಗ ಪುಡಿ ಎಲ್ಲಿಂದ ಬರಬೇಕು? ಅತಿ ಸುಲಭದ ಕಚ್ಚಾ ವಸ್ತುವೇ ನಮಗಿಲ್ಲ. ಅತಿ ಕಷ್ಟದ್ದರಿಂದ, ಎಂದರೆ ಬಳಸಿ ಬಿಸಾಡಿದ ವಸ್ತುವಿನಿಂದ ನಾವು ಆರಂಭಿಸಬೇಕು.

ಬಿಸಾಡಿದ ವಸ್ತುವೆಂದರೆ ಮೊದಲು ನೆನಪಾಗುವುದು ಕಂಪ್ಯೂಟರಿನ ಹಾರ್ಡ್ ಡಿಸ್ಕ್. ಮೇಜಿನ ಕಂಪ್ಯೂಟರಿನ ಒಂದು ಡಿಸ್ಕ್‌ನಲ್ಲಿ ಸುಮಾರು 10ರಿಂದ 20 ಗ್ರಾಂ ಆಯಸ್ಕಾಂತವಿರುತ್ತದೆ. ನೂರು ಟನ್ ಬೇಕೆಂದರೆ ವರ್ಷಕ್ಕೆ 50 ಲಕ್ಷದಿಂದ 1 ಕೋಟಿ ಡಿಸ್ಕ್ ಬೇಕು. ವೆಸ್ಟರ್ನ್ ಡಿಜಿಟಲ್ ಮತ್ತು ಮೈಕ್ರೋಸಾಫ್ಟ್ ಇತರರೊಡನೆ ಸೇರಿ ಅಮೆರಿಕದಲ್ಲಿ ನಡೆಸಿದ ಪ್ರಯೋಗವೊಂದರ ವಿವರ 2025ರ ಏಪ್ರಿಲ್‌ನಲ್ಲಿ ಹೊರಬಂದಿತು. ಡೇಟಾ ಕೇಂದ್ರಗಳಿಂದ ತಂದು ಸಂಸ್ಕರಿಸಿದ ಡಿಸ್ಕ್ ಮತ್ತು ಬಿಡಿಭಾಗಗಳ ಒಟ್ಟು ತೂಕ ಸುಮಾರು 47,000 ಪೌಂಡ್, ಅಂದರೆ 21 ಟನ್. ಡಿಸ್ಕ್‌ನ ತೂಕದಲ್ಲಿ ಆಯಸ್ಕಾಂತದ ಪಾಲು ಶೇ 2ರ ಆಸುಪಾಸು; ಹಾಗಾಗಿ ಅಷ್ಟರಲ್ಲಿ ಸಿಕ್ಕ ಆಯಸ್ಕಾಂತ ಹೆಚ್ಚೆಂದರೆ ಅರ್ಧ ಟನ್. ಜಗತ್ತಿನ ಇಬ್ಬರು ದೈತ್ಯರು ಕೈಜೋಡಿಸಿದಾಗಿನ ಲೆಕ್ಕ ಇದು. 100 ಟನ್ನಿನ ಘಟಕಕ್ಕೆ ಡಿಸ್ಕ್‌ಗಳನ್ನೇ ನೆಚ್ಚಿಕೊಂಡು ಅರ್ಜಿ ಹಾಕುವವರು ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು.

ಸಂಗ್ರಹಿಸಿದರೆ ಸಾಲದು, ಬಿಚ್ಚಬೇಕು. ಬ್ಯಾಂಕುಗಳು, ಡೇಟಾ ಕೇಂದ್ರಗಳು ಮಾಹಿತಿ ಸೋರಬಾರದೆಂದು ಡಿಸ್ಕ್‌ಗಳನ್ನು ಇಡಿಯಾಗಿ ಪುಡಿ ಮಾಡಿಸುತ್ತವೆ. ಪುಡಿಯಾದ ಆಯಸ್ಕಾಂತ ಹತ್ತಿರದ ಉಕ್ಕಿನ ಚೂರಿಗೆ ಅಂಟಿಕೊಳ್ಳುತ್ತದೆ, ಕಬ್ಬಿಣದ ಜೊತೆ ಕುಲುಮೆಗೆ ಹೋಗುತ್ತದೆ, ಕಿಟ್ಟದಲ್ಲಿ ಕರಗಿ ಕಾಣೆಯಾಗುತ್ತದೆ. ಮಾಹಿತಿ ಇರುವುದು ತಿರುಗುವ ತಟ್ಟೆಯಲ್ಲಿ. ಆಯಸ್ಕಾಂತ ಇರುವುದು ಮೂಲೆಯ ಸುರುಳಿಯ ಬಳಿ. ಮೂಲೆಯನ್ನು ಮೊದಲು ಕತ್ತರಿಸಿ ತೆಗೆದು ಉಳಿದದ್ದನ್ನು ಪುಡಿ ಮಾಡಿದರೆ ಭದ್ರತೆಗೂ ಧಕ್ಕೆಯಿಲ್ಲ, ಲೋಹವೂ ಉಳಿಯುತ್ತದೆ. ಇದನ್ನು ಮಾಡಿಸಲು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಕರಾರಿನಲ್ಲಿ ಒಂದು ಸಾಲು ಬೇಕು.

ಆದರೆ ಬಿಚ್ಚುವವನಿಗೆ ಏನು ಸಿಗುತ್ತದೆ? 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಡಿ ಉತ್ಪಾದಕರು ಮರುಬಳಕೆದಾರರಿಂದ ಹೊಣೆಗಾರಿಕೆಯ ಪ್ರಮಾಣಪತ್ರ (ಇಷ್ಟು ತ್ಯಾಜ್ಯ ಮರುಬಳಕೆಯಾಯಿತು ಎಂಬ ದಾಖಲೆ) ಕೊಳ್ಳಬೇಕು. ಆ ಪ್ರಮಾಣಪತ್ರದ ವ್ಯವಸ್ಥೆ ಆರಂಭವಾದದ್ದು ನಾಲ್ಕು ಲೋಹಗಳಿಂದ: ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ. ಉಕ್ಕಿಗೆ ಅಂಟಿಕೊಂಡ ಆಯಸ್ಕಾಂತ ಕಬ್ಬಿಣದ ತೂಕಕ್ಕೆ ಸೇರಿ ಹೋಗುತ್ತದೆ. ಬೇರ್ಪಡಿಸಿ ತೆಗೆದರೆ ಕೂಲಿ ಕೈಯಿಂದ ಹೋಗುತ್ತದೆ, ಕಬ್ಬಿಣದ ತೂಕ ಇಳಿಯುತ್ತದೆ. ಒಂದು ಸಚಿವಾಲಯ ಆಯಸ್ಕಾಂತ ತೆಗೆಯಿರಿ ಎಂದು ಹಣ ಇಟ್ಟಿದೆ. ಇನ್ನೊಂದು ಸಚಿವಾಲಯದ ನಿಯಮದ ಲೆಕ್ಕದಲ್ಲಿ ಅದನ್ನು ತೆಗೆಯದಿರುವುದೇ ಲಾಭ. ನಿಯೋಡೈಮಿಯಂ ಮತ್ತು ಡಿಸ್ಪ್ರೋಸಿಯಂಗಳನ್ನು ಪ್ರಮಾಣಪತ್ರದ ಲೋಹಗಳ ಸಾಲಿಗೆ ಸೇರಿಸಿದರೆ ಬಿಚ್ಚುವ ಕೆಲಸಗಾರನಿಗೆ ಬೆಲೆ ಬರುತ್ತದೆ. ₹1,500 ಕೋಟಿಯಷ್ಟೇ ಪರಿಣಾಮ ಈ ಒಂದು ತಿದ್ದುಪಡಿಯಿಂದ ಆದೀತು ಎಂದು ನಾನು ಹೇಳಬಲ್ಲೆ.

ಹಾಗಾದರೆ ನಮ್ಮ ಘಟಕ ಎಲ್ಲಿ ಕೈ ಚಾಚಬೇಕು? ಹಳೆಯ ಸ್ಪೀಕರು, ಅಗ್ಗದ ಮೋಟಾರುಗಳ ಕಡೆಗಲ್ಲ. ಅವುಗಳಲ್ಲಿ ಬಹಳಷ್ಟು ಫೆರೈಟ್, ಅದರಲ್ಲಿ ನಿಯೋಡೈಮಿಯಂ ಇಲ್ಲ. ವಿದ್ಯುತ್ ಕಾರುಗಳ ಕಡೆಗೂ ಈಗಲೇ ಅಲ್ಲ. ನಮ್ಮ ರಸ್ತೆಯ ವಿದ್ಯುತ್ ಕಾರುಗಳಲ್ಲಿ ಹೆಚ್ಚಿನವು ಇನ್ನೂ ಹೊಸವು, ಗುಜರಿಗೆ ಬರಲು ವರ್ಷಗಳು ಬೇಕು. ನನ್ನ ಆಯ್ಕೆ ಮೋಟಾರು ಜೋಡಿಸುವ ಕಾರ್ಖಾನೆಗಳು. ಆಮದಾದ ಆಯಸ್ಕಾಂತವನ್ನು ರೋಟರ್‌ಗೆ ಕೂರಿಸುವಾಗ ಮೂಲೆ ಮುರಿದವು, ತಪಾಸಣೆಯಲ್ಲಿ ತಿರಸ್ಕೃತವಾದವು, ಹಳೆಯ ಮಾದರಿಗೆಂದು ತರಿಸಿ ಉಳಿದವು ಅಲ್ಲಿ ಇರುತ್ತವೆ. ಅವು ಸ್ವಚ್ಛ, ಅವುಗಳ ದರ್ಜೆ ಕಾಗದದ ಮೇಲೆ ಗೊತ್ತಿದೆ, ಡಿಸ್ಪ್ರೋಸಿಯಂ ಇರುವ ದರ್ಜೆಯೂ ಅವುಗಳಲ್ಲಿದೆ. ಆಮೇಲೆ ಲಿಫ್ಟ್‌ಗಳ ಗೇರ್‌ರಹಿತ ಮೋಟಾರು, ಕಾರ್ಖಾನೆಗಳ ಸರ್ವೋ ಮೋಟಾರು. ಡಿಸ್ಕ್ ಮೂರನೆಯ ಸ್ಥಾನಕ್ಕೆ. ಇವನ್ನೆಲ್ಲ ಕೂಡಿಸಿದರೂ ಮೊದಲ ವರ್ಷಗಳಲ್ಲಿ 100 ಟನ್ ತಲುಪುವುದು ಕಷ್ಟವೆಂದು ನನಗೆ ಕಾಣುತ್ತದೆ.

ಜಲಜನಕವೋ, ಆಮ್ಲವೋ

ದಾರಿ ಎರಡು. ಮೊದಲನೆಯದು ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಬೆಳೆದದ್ದು. ಅಲ್ಲಿ ರೆಕ್ಸ್ ಹ್ಯಾರಿಸ್ ಅವರ ತಂಡ 1980ರ ದಶಕದಲ್ಲೇ ನಿಯೋಡೈಮಿಯಂ ಮಿಶ್ರಲೋಹವನ್ನು ಜಲಜನಕದಿಂದ ಪುಡಿ ಮಾಡುವುದನ್ನು ತೋರಿಸಿತ್ತು. ಜಲಜನಕವನ್ನು ಹೀರಿದ ಆಯಸ್ಕಾಂತ ಹಿಗ್ಗಿ, ಒಳಗಿನ ಕಣಗಳ ಅಂಚಿನಲ್ಲಿ ಬಿರಿದು, ತನ್ನ ಆಕರ್ಷಣೆ ಕಳೆದುಕೊಂಡು ಪುಡಿಯಾಗಿ ಉದುರುತ್ತದೆ. ಮೇಲಿನ ನಿಕ್ಕಲ್ ಲೇಪ ಸಿಪ್ಪೆಯಂತೆ ಕಳಚುತ್ತದೆ. ಆ ಪುಡಿಯನ್ನು ಜರಡಿ ಹಿಡಿದು, ಸ್ವಲ್ಪ ಹೊಸ ಭೂಲೋಹ ಬೆರೆಸಿ, ಒತ್ತಿ, ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಬಿಸಿಯಲ್ಲಿ ಕಾಯಿಸಿದರೆ ಮತ್ತೆ ಆಯಸ್ಕಾಂತ. ಆಮ್ಲ ಬೇಡ, ಶಕ್ತಿಯ ಖರ್ಚು ಕಡಿಮೆ. ಈ ವಿದ್ಯೆಯನ್ನು ವಾಣಿಜ್ಯಕ್ಕೆ ತರಲು 2018ರಲ್ಲಿ ಹೈಪ್ರೋಮ್ಯಾಗ್ ಎಂಬ ಕಂಪನಿ ಹುಟ್ಟಿತು. ಯುರೋಪಿನ ಸುಸ್‌ಮ್ಯಾಗ್‌ಪ್ರೋ ಯೋಜನೆ 2019ರಲ್ಲಿ ಇದೇ ದಾರಿಗೆ ಸುಮಾರು 1.3 ಕೋಟಿ ಯೂರೊ ಹಾಕಿತು.

ಎರಡನೆಯದು ಹಳೆಯ ದಾರಿ. ಹುರಿದು, ಆಮ್ಲದಲ್ಲಿ ಕರಗಿಸಿ, ಆಕ್ಸಲೇಟ್ ಆಗಿ ಇಳಿಸಿ, ದ್ರಾವಕಗಳಿಂದ ಬೇರ್ಪಡಿಸಿ, ಸುಟ್ಟು ಆಕ್ಸೈಡ್ ಮಾಡುವುದು. ನೀರು ಬೇಕು, ಆಮ್ಲ ಬೇಕು, ತ್ಯಾಜ್ಯನೀರಿನ ಶುದ್ಧೀಕರಣ ಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಗೆ ತಿಂಗಳುಗಳು ಬೇಕು. ಆದರೆ ಗುಜರಿ ಎಷ್ಟೇ ಕಲಬೆರಕೆಯಾಗಿರಲಿ, ಹೊರಬರುವುದು ಶುದ್ಧ ಆಕ್ಸೈಡ್.

ಪರಿಸರದ ದೃಷ್ಟಿಯಿಂದ ಮೊದಲ ದಾರಿಯೇ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಈ ಸ್ಪರ್ಧೆಯಲ್ಲಿ ಅದನ್ನು ಮಾತ್ರ ಹಿಡಿದು ಹೋಗುವುದು ಅಪಾಯ. ಕಾರಣ ಯೋಜನೆಯಲ್ಲಿರುವ ಒಂದು ಷರತ್ತು: ನಿರ್ಣಾಯಕ ಖನಿಜವನ್ನು ನಿಜವಾಗಿ ಹೊರತೆಗೆಯುವ ಸರಪಳಿಗೆ ಮಾತ್ರ ಪ್ರೋತ್ಸಾಹಧನ, ಕೇವಲ ಕಪ್ಪುಪುಡಿ (ಹಳೆಯ ಬ್ಯಾಟರಿಯನ್ನು ಅರೆದಾಗ ಸಿಗುವ ಲೋಹಮಿಶ್ರಿತ ಪುಡಿ) ಮಾಡುವವರಿಗೆ ಇಲ್ಲ. ಇದು ಬ್ಯಾಟರಿಯನ್ನು ಪುಡಿ ಮಾಡಿ ವಿದೇಶಕ್ಕೆ ಕಳುಹಿಸಿಬಿಡುವವರನ್ನು ತಡೆಯಲು ಬರೆದ ಒಳ್ಳೆಯ ಷರತ್ತು. ಆದರೆ ಜಲಜನಕದ ದಾರಿಯಲ್ಲಿ ಯಾವ ಖನಿಜವೂ ಪ್ರತ್ಯೇಕವಾಗಿ ಹೊರಬರುವುದಿಲ್ಲ. ಮಿಶ್ರಲೋಹ ಮಿಶ್ರಲೋಹವಾಗಿಯೇ ಉಳಿಯುತ್ತದೆ. ಕಡತ ನೋಡುವವರಿಗೆ ಅದೂ ಇನ್ನೊಂದು ಬಗೆಯ ಪುಡಿಯಾಗಿ ಕಂಡರೆ ವಾದಿಸಿ ಗೆಲ್ಲಲು ಸಮಯವಿರುವುದಿಲ್ಲ.

ಆದ್ದರಿಂದ ಎರಡನ್ನೂ ಜೋಡಿಸುವುದು ಸೂಕ್ತ. ಮೊದಲು ಜಲಜನಕದಿಂದ ರೋಟರ್, ಡಿಸ್ಕ್‌ಗಳೊಳಗಿನ ಆಯಸ್ಕಾಂತವನ್ನು ಪುಡಿಯಾಗಿ ಬಿಡಿಸುವುದು. ಇದರಿಂದ ಅಂಟು, ಲೇಪ, ಉಕ್ಕು ಹೊರಗುಳಿಯುತ್ತವೆ, ಮುಂದಿನ ಹಂತದಲ್ಲಿ ಆಮ್ಲದ ಖರ್ಚು ಉಳಿಯುತ್ತದೆ. ಆಮೇಲೆ ಆ ಪುಡಿಯನ್ನು ಆಕ್ಸೈಡ್ ಮಾಡುವುದು. ನಿಯೋಡೈಮಿಯಂ ಮತ್ತು ಪ್ರಸಿಯೋಡೈಮಿಯಂಗಳನ್ನು ಒಂದರಿಂದೊಂದು ಬೇರ್ಪಡಿಸಬೇಕಿಲ್ಲ, ಆಯಸ್ಕಾಂತಕ್ಕೆ ಅವೆರಡೂ ಜೊತೆಯಾಗಿಯೇ ಹೋಗುತ್ತವೆ. ಡಿಸ್ಪ್ರೋಸಿಯಂ, ಟರ್ಬಿಯಂಗಳನ್ನು ಮಾತ್ರ ಬೇರೆ ಮಾಡಿದರೆ ಸಾಕು. ಅದಿರಿನಿಂದ ಹೊರಡುವವರಿಗೆ ಬೇಕಾಗುವ ದ್ರಾವಕದ ತೊಟ್ಟಿಗಳ ಉದ್ದನೆಯ ಸಾಲು ಇಲ್ಲಿ ಬಹಳ ಮೊಟಕಾಗುತ್ತದೆ. ದರ್ಜೆ ಗೊತ್ತಿರುವ ಕಾರ್ಖಾನೆಯ ಗುಜರಿ ಸಿಕ್ಕಾಗ ಪುಡಿಯನ್ನು ನೇರವಾಗಿ ಆಯಸ್ಕಾಂತ ಮಾಡುವ ದಾರಿಯೂ ಮುಂದೆ ತೆರೆದಿರುತ್ತದೆ. ಜಲಜನಕ ಹೀರಿದ ಪುಡಿ ಗಾಳಿ ತಾಗಿದರೆ ಹೊತ್ತಿಕೊಳ್ಳಬಲ್ಲದು. ಸುರಕ್ಷತೆಯ ವೆಚ್ಚವನ್ನು ಅರ್ಜಿಯ ಅಡಿಟಿಪ್ಪಣಿಗೆ ತಳ್ಳುವುದು ಕೆಲಸಗಾರರಿಗೆ ಬಗೆಯುವ ದ್ರೋಹ.

ಈ ವಿಜ್ಞಾನಕ್ಕೆ ದೇಶದೊಳಗೇ ಆಸರೆಯಿದೆ. ಮಿಷನ್ ಅಡಿ ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಹೈದರಾಬಾದಿನ ಎನ್‌ಎಫ್‌ಟಿಡಿಸಿ (ಕಬ್ಬಿಣೇತರ ಲೋಹಗಳ ತಂತ್ರಜ್ಞಾನ ಅಭಿವೃದ್ಧಿ ಕೇಂದ್ರ), ಜಮ್ಶೆಡ್‌ಪುರದ ರಾಷ್ಟ್ರೀಯ ಲೋಹಶಾಸ್ತ್ರ ಪ್ರಯೋಗಾಲಯ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿವೆ. ಸಣ್ಣ ಘಟಕ ತಾನೇ ಎಲ್ಲವನ್ನೂ ಕಂಡುಹಿಡಿದೆ ಎಂದು ಬರೆಯುವುದಕ್ಕಿಂತ ಇಂಥ ಒಂದು ಪ್ರಯೋಗಾಲಯದ ಪರೀಕ್ಷಾ ವರದಿಯನ್ನು ಲಗತ್ತಿಸುವುದು ಹೆಚ್ಚು ತೂಕದ್ದು.

ಕೊಳ್ಳುವವರು ಯಾರು

ಆಕ್ಸೈಡ್ ಸಿದ್ಧವಾಯಿತು ಎಂದುಕೊಳ್ಳೋಣ. ಅದನ್ನು ಲೋಹ ಮಾಡಿ, ಮಿಶ್ರಲೋಹ ಮಾಡಿ, ಆಯಸ್ಕಾಂತ ಮಾಡುವವರು ದೇಶದಲ್ಲಿ ಬೇಕು. ಅದಕ್ಕಾಗಿಯೇ 2025ರ ನವೆಂಬರ್ 26ರಂದು ಸಚಿವ ಸಂಪುಟ ₹7,280 ಕೋಟಿಯ ಇನ್ನೊಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ವರ್ಷಕ್ಕೆ 6,000 ಟನ್ ಆಯಸ್ಕಾಂತ ಗುರಿ. ಜಾಗತಿಕ ಸ್ಪರ್ಧಾತ್ಮಕ ಬಿಡ್ ಮೂಲಕ ಐವರ ಆಯ್ಕೆ. ಒಬ್ಬೊಬ್ಬರಿಗೆ ಗರಿಷ್ಠ 1,200 ಟನ್. ಮಾರಾಟಕ್ಕೆ ಕೊಂಡಿ ಹಾಕಿದ ಪ್ರೋತ್ಸಾಹಧನ ₹6,450 ಕೋಟಿ, ಬಂಡವಾಳ ಸಹಾಯಧನ ₹750 ಕೋಟಿ. ಕಾರ್ಖಾನೆ ಕಟ್ಟಲು ಎರಡು ವರ್ಷ, ಆಮೇಲೆ ಐದು ವರ್ಷ ಪ್ರೋತ್ಸಾಹಧನ.

6,000 ಟನ್ ಆಯಸ್ಕಾಂತಕ್ಕೆ ಕನಿಷ್ಠ 1,800 ಟನ್ ಭೂಲೋಹ ಬೇಕು. ಕೊಯ್ಯುವಾಗಿನ ನಷ್ಟ ಸೇರಿಸಿದರೆ ಇನ್ನೂ ಹೆಚ್ಚು. ಸರ್ಕಾರಿ ಸಂಸ್ಥೆ ಐಆರ್‌ಇಎಲ್ 2025-26ಕ್ಕೆ ಇಟ್ಟುಕೊಂಡಿದ್ದ ನಿಯೋಡೈಮಿಯಂ ಗುರಿ ಸುಮಾರು 450 ಟನ್ ಎಂದು ವರದಿಯಾಗಿತ್ತು. ಅಂತರ ಕಣ್ಣಿಗೆ ಹೊಡೆಯುವಂತಿದೆ. ಮರುಬಳಕೆಯ 31 ಟನ್ ಆಕ್ಸೈಡ್ ಆ ಅಂತರವನ್ನು ತುಂಬದು, ಆದರೆ ಬಿಡ್ ಗೆದ್ದವರಲ್ಲಿ ಯಾರಿಗಾದರೂ ಡಿಸ್ಪ್ರೋಸಿಯಂ ಬೇಕಾದಾಗ ದೇಶದೊಳಗೆ ತಟ್ಟಬಹುದಾದ ಬಾಗಿಲು ನಮ್ಮ ಘಟಕದ್ದೇ ಆಗಿರುತ್ತದೆ.

ತೊಡಕು ಕಾಲದ್ದು. 2025ರ ಕೊನೆಗೆ ಒಪ್ಪಿಗೆಯಾದ ಯೋಜನೆಯಲ್ಲಿ ಬಿಡ್ ಮುಗಿದು, ಎರಡು ವರ್ಷ ಕಟ್ಟಡ, ಯಂತ್ರ ಎಂದು ಕಳೆದು ಆಯಸ್ಕಾಂತ ಹೊರಬರುವಷ್ಟರಲ್ಲಿ 2028 ದಾಟುತ್ತದೆ. ಮರುಬಳಕೆ ಯೋಜನೆಯಲ್ಲಿ ಮೊದಲ ಶೇ 40ರ ಲೆಕ್ಕ ಬರುವುದು 2027-28ರಲ್ಲಿ. ಎಂದರೆ ಮೊದಲ ಕಂತಿನ ಪರೀಕ್ಷೆಯ ಹೊತ್ತಿಗೆ ದೇಶದೊಳಗೆ ದೊಡ್ಡ ಕೊಳ್ಳುಗನಿಲ್ಲ, ಕೊಳ್ಳುಗನ ಕಾರ್ಖಾನೆಯಿಂದ ಬರಬೇಕಾದ ಪುಡಿಯೂ ಇಲ್ಲ. ಎರಡೂ ಒದಗುವುದು ಐದನೇ ವರ್ಷದ ಶೇ 60ರ ಹೊತ್ತಿಗೆ. ಎರಡು ಯೋಜನೆಗಳನ್ನು ರೂಪಿಸಿದವರು ಒಂದೇ ಮೇಜಿನ ಮುಂದೆ ಕುಳಿತು ಕ್ಯಾಲೆಂಡರ್ ನೋಡಿದ್ದರೆ ಸಣ್ಣವರಿಗೆ ಮೊದಲ ಕಂತನ್ನು ಒಂದು ವರ್ಷ ಮುಂದಕ್ಕೆ ಹಾಕಬಹುದಿತ್ತು.

ದರದ ಭಯವೂ ಇದೆ. 2011ರಲ್ಲಿ ಗಗನಕ್ಕೇರಿದ ವಿರಳ ಭೂಲೋಹದ ಬೆಲೆ ಆಮೇಲೆ ಕುಸಿಯಿತು. ಅಮೆರಿಕದ ಭೂಲೋಹ ಗಣಿ ಕಂಪನಿ ಮೋಲಿಕಾರ್ಪ್ 2015ರಲ್ಲಿ ದಿವಾಳಿಯಾಯಿತು. ಫ್ರಾನ್ಸಿನಲ್ಲಿ ಹಳೆಯ ದೀಪಗಳ ಪುಡಿಯಿಂದ ಭೂಲೋಹ ತೆಗೆಯುತ್ತಿದ್ದ ಸಾಲ್ವೆ ಕಂಪನಿ 2016ರಲ್ಲಿ ಆ ಕೆಲಸ ನಿಲ್ಲಿಸಿತು. ಯಂತ್ರ ಚೆನ್ನಾಗಿತ್ತು, ವಿದ್ಯೆ ಇತ್ತು; ದರ ಇರಲಿಲ್ಲ. ಅಮೆರಿಕ ಈ ಪಾಠವನ್ನು ಗಟ್ಟಿಯಾಗಿ ಕಲಿತಂತಿದೆ. 2025ರ ಜುಲೈನಲ್ಲಿ ಅದರ ರಕ್ಷಣಾ ಇಲಾಖೆ ಭೂಲೋಹ ಗಣಿಗಾರಿಕೆಯ ಎಂಪಿ ಮೆಟೀರಿಯಲ್ಸ್ ಕಂಪನಿಯಲ್ಲಿ 40 ಕೋಟಿ ಡಾಲರ್ ಹೂಡಿದ್ದಲ್ಲದೆ, ನಿಯೋಡೈಮಿಯಂ-ಪ್ರಸಿಯೋಡೈಮಿಯಂಗೆ ಕಿಲೋಗೆ 110 ಡಾಲರ್ ಕನಿಷ್ಠ ದರದ ಖಾತರಿ ಕೊಟ್ಟಿತು. ಅದು ಆಗಿನ ಮಾರುಕಟ್ಟೆ ದರದ ಹೆಚ್ಚುಕಡಿಮೆ ಎರಡರಷ್ಟು. ಅದೇ ತಿಂಗಳು ಆಪಲ್ ಕಂಪನಿ ಮರುಬಳಕೆಯ ಆಯಸ್ಕಾಂತ ಕೊಳ್ಳಲು ಎಂಪಿ ಜೊತೆ 50 ಕೋಟಿ ಡಾಲರ್‌ನ ಒಪ್ಪಂದ ಘೋಷಿಸಿತು. ನಮ್ಮ ಮರುಬಳಕೆ ಯೋಜನೆಯಲ್ಲಿ ಕನಿಷ್ಠ ದರದ ಖಾತರಿ ಇಲ್ಲ. ಅಷ್ಟು ದೊಡ್ಡ ಮೊತ್ತ ನಮ್ಮಲ್ಲಿ ಬೇಡ. ಸಣ್ಣ ಘಟಕಗಳ ಮೊದಲ ಕೆಲವು ವರ್ಷಗಳ ಉತ್ಪನ್ನವನ್ನು ನಿಗದಿತ ದರಕ್ಕೆ ಐಆರ್‌ಇಎಲ್ ಕೊಂಡು ದಾಸ್ತಾನು ಮಾಡಿದರೂ ಬ್ಯಾಂಕಿನವರ ಮುಖಭಾವ ಬದಲಾಗುತ್ತದೆ.

ಅರ್ಜಿಯಲ್ಲಿ ಏನಿರಬೇಕು

ಇಷ್ಟೆಲ್ಲ ನೋಡಿದ ಮೇಲೆ ನಾನು ಘಟಕದ ಗಾತ್ರವನ್ನೇ ಬದಲಿಸುತ್ತೇನೆ. 100 ಟನ್ನಿಗೆ ಅರ್ಜಿ ಹಾಕುವುದಿಲ್ಲ. 40 ಟನ್ನಿನಿಂದ ಆರಂಭಿಸಿ, ಪಕ್ಕದಲ್ಲಿ 60 ಟನ್ನಿಗೆ ಜಾಗ, ವಿದ್ಯುತ್, ಒಪ್ಪಿಗೆಗಳನ್ನು ಮೊದಲೇ ಇಟ್ಟುಕೊಳ್ಳುತ್ತೇನೆ. ದೊಡ್ಡ ಯಂತ್ರ ತಂದು ಗುಜರಿ ಸಿಗದೆ ನಿಲ್ಲಿಸಿದರೆ ಮೂರು ಕಡೆ ಪೆಟ್ಟು: ಉತ್ಪಾದನೆ ತಡವಾಗಿ ಬಂಡವಾಳ ಸಹಾಯಧನ ಕಡಿತವಾಗುತ್ತದೆ, ಮಾರಾಟದ ಮಟ್ಟ ತಲುಪದೆ ನಿರ್ವಹಣಾ ಸಹಾಯಧನ ಕೈತಪ್ಪುತ್ತದೆ, ಬಡ್ಡಿ ಮಾತ್ರ ಸಮಯಕ್ಕೆ ಸರಿಯಾಗಿ ಬರುತ್ತದೆ. 40 ಟನ್ನೆಂದರೆ ವರ್ಷಕ್ಕೆ 12 ಟನ್ನಿನಷ್ಟು ಭೂಲೋಹ ಒಳಗೆ ಬರುವ ಘಟಕ. ಸಂಖ್ಯೆ ಚಿಕ್ಕದು, ಆದರೆ ಅದನ್ನು ಕರಾರುಗಳಿಂದ ತುಂಬಿ ತೋರಿಸಬಹುದು.

ಲಗತ್ತಿಸುವ ಕಾಗದಗಳಲ್ಲಿ ನಾನು ಮೇಲೆ ಇಡುವುದು ಎರಡನ್ನು. ಒಂದು, ಮೋಟಾರು ಜೋಡಿಸುವ ಕನಿಷ್ಠ ಇಬ್ಬರು ತಯಾರಕರೊಡನೆ ತಿರಸ್ಕೃತ ಆಯಸ್ಕಾಂತಕ್ಕಾಗಿ ಮಾಡಿಕೊಂಡ ಬಹುವರ್ಷದ ಪೂರೈಕೆ ಕರಾರು, ಜೊತೆಗೆ ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರನೊಬ್ಬನೊಡನೆ ಡಿಸ್ಕ್‌ನ ಮೂಲೆ ಕತ್ತರಿಸಿ ಕೊಡುವ ಕರಾರು. ಎರಡು, ₹7,280 ಕೋಟಿಯ ಯೋಜನೆಗೆ ಬಿಡ್ ಹಾಕುವವರಲ್ಲಿ ಒಬ್ಬರಿಂದ, ಗೆದ್ದರೆ ನಿಮ್ಮ ಆಕ್ಸೈಡ್ ಕೊಳ್ಳುತ್ತೇವೆ ಎಂಬ ಪತ್ರ. ಬಿಡ್ ಹಾಕುವವರಿಗೂ ದೇಶೀಯ ಕಚ್ಚಾ ವಸ್ತು ತೋರಿಸಲು ಇದರಿಂದ ಅನುಕೂಲ. ಹಾಗಾಗಿ ಕೇಳಲು ಹಿಂಜರಿಯಬೇಕಿಲ್ಲ. ಯಂತ್ರದ ಚಿತ್ರಗಳು, ಶೇ 99ರ ಶುದ್ಧತೆಯ ಹೆಗ್ಗಳಿಕೆ ಎಲ್ಲ ಇವುಗಳ ಕೆಳಗೆ.

ಇನ್ನೊಂದು ಸೂಕ್ಷ್ಮವನ್ನು ಕರಾರು ಬರೆಯುವ ಮೊದಲೇ ತೀರ್ಮಾನಿಸಬೇಕು. 6,000 ಟನ್ನಿನ ಕಾರ್ಖಾನೆಗಳು ಪೂರ್ಣ ಪ್ರಮಾಣದಲ್ಲಿ ಓಡಿದರೆ ಅವುಗಳಿಂದ ವರ್ಷಕ್ಕೆ ಸಾವಿರ ಟನ್ನಿಗೂ ಹೆಚ್ಚು ಪುಡಿ ಬರುತ್ತದೆ. ಅವರು ಅದನ್ನು ಮಾರಲು ಒಪ್ಪುವುದು ಕಡಿಮೆ. ನಮ್ಮ ಪುಡಿಯನ್ನು ಆಕ್ಸೈಡ್ ಮಾಡಿ ನಮಗೇ ಹಿಂತಿರುಗಿಸಿ, ಕೂಲಿ ಕೊಡುತ್ತೇವೆ ಎನ್ನುತ್ತಾರೆ. ಈ ಜಾಬ್ ವರ್ಕ್ ವ್ಯವಸ್ಥೆಯಲ್ಲಿ ದರ ಕುಸಿತದ ಭಯ ಘಟಕಕ್ಕೆ ಇರುವುದಿಲ್ಲ, ಲೋಹದ ಒಡೆತನ ಅವರದ್ದೇ ಆದ್ದರಿಂದ. ಆದರೆ ಘಟಕದ ಲೆಕ್ಕಪುಸ್ತಕದಲ್ಲಿ ಮಾರಾಟವಾಗಿ ಕಾಣುವುದು ಸಂಸ್ಕರಣೆಯ ಕೂಲಿ ಮಾತ್ರ, ಮತ್ತು ಹೆಚ್ಚುವರಿ ಮಾರಾಟದ ಮೇಲೆ ನಿಂತ ಸಹಾಯಧನಕ್ಕೆ ಆ ಕೂಲಿ ಸಾಲದೆ ಹೋಗಬಹುದು. ₹5 ಕೋಟಿ ಮಿತಿಯ ಶೇ 60 ಎಂದರೆ ₹3 ಕೋಟಿ. ಅದಕ್ಕಾಗಿ ಪುಡಿಯನ್ನು ಕೊಂಡು ದರದ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬೇಕೇ? ನಾನಾದರೆ ಕಾರ್ಖಾನೆಯ ಪುಡಿಗೆ ಜಾಬ್ ವರ್ಕ್ ಒಪ್ಪಿಕೊಳ್ಳುತ್ತೇನೆ, ಹಳೆಯ ಮೋಟಾರು ಮತ್ತು ಡಿಸ್ಕ್‌ಗಳ ಆಯಸ್ಕಾಂತವನ್ನು ಮಾತ್ರ ಕೊಂಡು ಮಾರುತ್ತೇನೆ, ಐದನೇ ವರ್ಷದ ಹಣವನ್ನು ಸಾಲದ ಮರುಪಾವತಿಯ ಪಟ್ಟಿಯಲ್ಲಿ ಸೇರಿಸುವುದೇ ಇಲ್ಲ.